ಪೆಟ್ಟಿಗೆಯ ಮುಚ್ಚಳದ ಒಂಬತ್ತು ಸಾಲು

ನನ್ನ ಸೋದರಮಾವ ಕಾರ್ಕಳದ ಹತ್ತಿರದ ಒಂದು ಹಳ್ಳಿಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಮನೆಯಲ್ಲೂ ಊರಿನಲ್ಲೂ ಅವರು ‘ಮಾಸ್ಟ್ರು ಮಾವ’. ಅವರು ತೀರಿಕೊಂಡ ಮೇಲೆ ಅತ್ತೆ ನನ್ನ ಕೈಗೆ ಒಂದು ಹಲಸಿನ ಮರದ ಪೆಟ್ಟಿಗೆ ಕೊಟ್ಟರು. ಒಳಗೆ ಕಲ್ಲುಗಳು. ಮುಚ್ಚಳದ ಒಳಬದಿಗೆ ಅಂಟಿಸಿದ ಕಾಗದದಲ್ಲಿ ನೀಲಿ ಶಾಯಿಯ ಒಂಬತ್ತು ಸಾಲು. ಮಕ್ಕಳಿಗೆ ಬಾಯಿಪಾಠ ಮಾಡಿಸಲೆಂದು ಅವರೇ ಕಟ್ಟಿದ್ದವು. ಬೇಸಗೆ ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ನಾನೂ ಅವನ್ನು ತಪ್ಪಿಲ್ಲದೆ ಒಪ್ಪಿಸಿ ಬೆಲ್ಲದ ತುಂಡು ಗಿಟ್ಟಿಸಿದವನು. ಅರ್ಥ ಮಾತ್ರ ಆಗಿರಲಿಲ್ಲ. ನಮ್ಮ ಕಡೆ ಒಬ್ಬರು ಕಾವ್ಯ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಇಲ್ಲಿ ಓದಿದವರು ಮಾವ. ಅರ್ಥ ಹೇಳುವ ಸರದಿ, ಬಹಳ ತಡವಾಗಿ, ನನ್ನದು.

1. ಖನಿಯಲ್ಲಿ ಹುಟ್ಟಿದ್ದು ಖನಿಜ. ಕೋರೆಯಲ್ಲಿ ಹುಟ್ಟಿದ್ದು ನಮ್ಮ ಮನೆ.

ಜಲದಲ್ಲಿ ಹುಟ್ಟಿದ್ದು ಜಲಜ, ಕೆಸರಿನಲ್ಲಿ ಹುಟ್ಟಿದ್ದು ಪಂಕಜ, ಹಾಗೆಯೇ ಖನಿಯಲ್ಲಿ ಹುಟ್ಟಿದ್ದು ಖನಿಜ. ‘ಖನ್’ ಎಂದರೆ ಅಗೆಯುವುದು. ಖನಿ ಬಾಯಲ್ಲಿ ಸವೆದು ಗಣಿಯಾಯಿತು. ಇಂಗ್ಲಿಷಿನವರ ‘ಮಿನರಲ್’ ಕೂಡ ಗಣಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ ಬಂದದ್ದು. ಅಲ್ಲಿಯೂ ಇಲ್ಲಿಯೂ ವಸ್ತುವಿಗೆ ಹೆಸರು ಬಂದದ್ದು ಅದು ಇದ್ದ ಹೊಂಡದಿಂದ. ಅಗೆದವನು ಇಲ್ಲದಿದ್ದರೆ ಈ ಪದವೇ ಇಲ್ಲ.

ಭೂವಿಜ್ಞಾನಿಗಳ ಲೆಕ್ಕ ಬೇರೆ. ಅವರಿಗೆ ಖನಿಜವೆಂದರೆ ಪ್ರಕೃತಿಯಲ್ಲಿ ತಾನಾಗಿ ಉಂಟಾದ, ಗೊತ್ತಾದ ರಾಸಾಯನಿಕ ರಚನೆಯಿರುವ, ಪರಮಾಣುಗಳು ಕ್ರಮವಾಗಿ ಜೋಡಿಕೊಂಡಿರುವ ಘನವಸ್ತು. ಅಂಥವು ಇಂದು ಆರು ಸಾವಿರದ ಆಸುಪಾಸಿನಲ್ಲಿವೆ. ಹೊಸ ಹೆಸರಿಗೆ ಅಂತಾರಾಷ್ಟ್ರೀಯ ಖನಿಜವಿಜ್ಞಾನ ಸಂಘದ ಒಪ್ಪಿಗೆ ಬೇಕು. ಊರಿನ ಹೆಸರು ಇಡಬಹುದು, ಗುಣದ ಹೆಸರು ಇಡಬಹುದು, ದೊಡ್ಡ ವಿದ್ವಾಂಸರ ಹೆಸರೂ ಇಡಬಹುದು. ಕಂಡುಹಿಡಿದವನು ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವಂತಿಲ್ಲ. ಈ ಕಟ್ಟಳೆ ನನಗೆ ಬಹಳ ಹಿಡಿಸುತ್ತದೆ.

ಸಾಲಿನ ಎರಡನೆಯ ಅರ್ಧ ನಮ್ಮದು. ಉಡುಪಿಯ ಕಡೆ ‘ಗಣಿ’ ಎಂದರೆ ಬಳ್ಳಾರಿ, ಕೋಲಾರ, ಕುದುರೆಮುಖ. ಪತ್ರಿಕೆಯಲ್ಲಿ ಓದುವ ಪದ. ನಮ್ಮಲ್ಲಿ ಇರುವುದು ಕೋರೆ: ಕೆಂಪುಕಲ್ಲಿನ ಕೋರೆ, ಶಿಲೆಕಲ್ಲಿನ ಕೋರೆ. ಕೋರೆಗೆ ಹೋದವರು ಚಿನ್ನ ತರಲಿಲ್ಲ. ಗೋಡೆ, ಬಾವಿಕಟ್ಟೆ, ತುಳಸಿಕಟ್ಟೆ, ದೈವದ ಗುಡಿಯ ಅಡಿಪಾಯ ತಂದರು. ಮಾವ ‘ನಮ್ಮ ಮನೆ’ ಎಂದು ಬರೆದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಅಜ್ಜನ ಮನೆಯೇ. ಅದರ ಕಲ್ಲು ತೆಗೆದ ಹೊಂಡ ಹಿತ್ತಲಿನಾಚೆ ಈಗಲೂ ಉಂಟು. ಅದರ ವಿಷಯ ಕೊನೆಯ ಸಾಲಿನಲ್ಲಿ ಬರುತ್ತದೆ.

2. ಹುಟ್ಟುವಾಗಲೇ ಇಟ್ಟಿಗೆಯಾದ ಕಲ್ಲನ್ನು ಸುಡುವುದು ಗಾಳಿ.

ಒಂಬತ್ತರಲ್ಲಿ ನನಗೆ ಬಹಳ ಇಷ್ಟದ ಸಾಲು. ಬಾಯಿಪಾಠ ಮಾಡಿದ ಕಾಲದಲ್ಲಿ ಇದೊಂದು ಒಗಟು ಎಂದುಕೊಂಡಿದ್ದೆ.

ಕಲ್ಲು ಯಾವುದು? ನಮ್ಮ ಮಾತಿನಲ್ಲಿ ಕೆಂಪುಕಲ್ಲು, ಮುರಕಲ್ಲು. ಪಠ್ಯಪುಸ್ತಕದ ಕನ್ನಡದಲ್ಲಿ ಜಂಬಿಟ್ಟಿಗೆ. ಭೂವಿಜ್ಞಾನದಲ್ಲಿ ಲ್ಯಾಟರೈಟ್. ಈ ಕೊನೆಯ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ಸಿಗುತ್ತದೆ ಎಂದು ನೋಡಿ ಬರಲು ಕಂಪನಿ ಸರಕಾರ ಕಳಿಸಿದ ವೈದ್ಯ. 1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಜನರು ಈ ಕಲ್ಲನ್ನು ನೆಲದಿಂದ ಕಡಿದು, ಚೌಕವಾಗಿ ಕೆತ್ತಿ, ಗೋಡೆ ಕಟ್ಟುವುದನ್ನು ಕಂಡ. ಅಲ್ಲಿಯವರು ಅದಕ್ಕೆ ‘ಇಟ್ಟಿಗೆಕಲ್ಲು’ ಎನ್ನುತ್ತಾರೆಂದು ಬರೆದುಕೊಂಡ. ಲ್ಯಾಟಿನ್ನಿನಲ್ಲಿ ‘ಲಾಟರ್’ ಎಂದರೆ ಇಟ್ಟಿಗೆ. ಅದರಿಂದ ಲ್ಯಾಟರೈಟ್. ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾದಾಗ ಈ ಹೆಸರು ಲೋಕಕ್ಕೆ ಹೋಯಿತು. ಇಂದು ಆಫ್ರಿಕದಲ್ಲಿ, ಬ್ರೆಜಿಲಿನಲ್ಲಿ, ಆಸ್ಟ್ರೇಲಿಯದಲ್ಲಿ ಇಂಥ ಕಲ್ಲು ಕಂಡವರೆಲ್ಲ ಇದನ್ನೇ ಬಳಸುತ್ತಾರೆ. ಅಂಗಾಡಿಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸ್ಮಾರಕಫಲಕ ನಿಲ್ಲಿಸಿದೆ.

ಬುಕಾನನ್ನನಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಅವನು ಮಾಡಿದ್ದು ಅನುವಾದ. ಕಲ್ಲನ್ನು ಇಟ್ಟಿಗೆಯಾಗಿ ಮೊದಲು ಕಂಡದ್ದು ಕೋರೆಯ ಕೆಲಸದವರ ಕಣ್ಣು. ನಮ್ಮ ‘ಜಂಬಿಟ್ಟಿಗೆ’ಯನ್ನೇ ನೋಡಿ. ಇಟ್ಟಿಗೆ ಅದರೊಳಗೆ ಇಡಿಯಾಗಿ ಕೂತಿದೆ. ಅದು ಸಂಸ್ಕೃತದ ‘ಇಷ್ಟಕಾ’ದಿಂದ ಇಳಿದು ಬಂದ ಪದ. ಯಜ್ಞವೇದಿಕೆಗೆ ಇಟ್ಟ ಇಟ್ಟಿಗೆಯೂ ಉಡುಪಿಯ ದನದ ಹಟ್ಟಿಗೆ ಇಟ್ಟ ಕಲ್ಲೂ ಒಂದೇ ಹೆಸರಿನ ಬಳಗ. ಅದೇ ಬುಕಾನನ್ 1801ರ ಮೊದಲ ತಿಂಗಳುಗಳಲ್ಲಿ ಮೂಡುಬಿದಿರೆ, ಕಾರ್ಕಳ, ಉಡುಪಿ, ಬ್ರಹ್ಮಾವರ, ಕುಂದಾಪುರದ ದಾರಿಯಲ್ಲೇ ಹೋದ. ಅಷ್ಟು ದೂರ ಅವನ ಕಾಲಡಿಗೆ ಬಹುಪಾಲು ಇದ್ದದ್ದು ತಾನು ಆಗತಾನೇ ಹೆಸರಿಟ್ಟ ನೆಲ.

ಇನ್ನು ‘ಸುಡುವುದು ಗಾಳಿ’ ಎಂಬ ಮಾತು. ಮಾವ ನನ್ನನ್ನು ಕೋರೆಗೆ ಕರೆದುಕೊಂಡು ಹೋಗಿದ್ದರು. ಆಗ ತಾನೇ ಕಡಿದ ಕಲ್ಲಿಗೆ ಉಗುರು ಒತ್ತಿದೆ, ಗುರುತು ಮೂಡಿತು. ಕಲ್ಲು ಕೆತ್ತುತ್ತಿದ್ದವರು ತಲೆ ಎತ್ತದೆ, “ಮಾಸ್ಟ್ರೇ, ಅದಕ್ಕೆ ಬಿಸಿಲು ಗಾಳಿ ತಾಗ್ಬೇಕು. ಒಂದು ವರ್ಷ ಬಿಟ್ಟು ಬಂದು ಒತ್ಲಿಕ್ಕೆ ಹೇಳಿ ಮಾಣಿಗೆ” ಎಂದರು. ಅವರು ಹೇಳಿದ್ದರಲ್ಲಿ ರಸಾಯನಶಾಸ್ತ್ರದ ಒಂದು ಅಧ್ಯಾಯವೇ ಉಂಟು. ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ. ಮಳೆಗಾಲದ ನೀರು, ಮತ್ತೆ ಬೇಸಗೆಯ ಕಾವು. ಲಕ್ಷಾಂತರ ವರ್ಷ ಇದೇ ನಡೆದಾಗ ಮೂಲಶಿಲೆಯ ಸುಣ್ಣ, ಕ್ಷಾರ, ಸಿಲಿಕಾ ಎಲ್ಲ ಕರಗಿ ಕಡಲಿಗೆ ಹೋಗುತ್ತವೆ. ಕರಗಲು ಒಪ್ಪದ ಕಬ್ಬಿಣವೂ ಅಲ್ಯುಮಿನಿಯಮ್ಮೂ ಉಳಿಯುತ್ತವೆ. ನೆಲದೊಳಗೆ ಈ ಕಬ್ಬಿಣ ನೀರನ್ನು ಕಟ್ಟಿಕೊಂಡು ಮೆತ್ತಗಿರುತ್ತದೆ. ಹೊರಗೆ ಬಂದ ಮೇಲೆ ನೀರು ಆರಿ, ಖನಿಜಗಳು ಹೊಸದಾಗಿ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಮತ್ತೆ ಎಷ್ಟು ನೆನೆಸಿದರೂ ಮೊದಲಿನ ಮೃದುತ್ವ ಬಾರದು. ಬೆಂದ ಮಡಕೆ ಮತ್ತೆ ಮಣ್ಣಾಗದ ಹಾಗೆ. ಆದ್ದರಿಂದ ‘ಸುಡುವುದು’ ಎಂಬ ಕ್ರಿಯಾಪದ ಬರಿಯ ಅಲಂಕಾರವಲ್ಲ, ಸರಿಯಾದ ವರ್ಣನೆ.

ಆ ನೀರು ಕಟ್ಟಿಕೊಂಡ ಕಬ್ಬಿಣದ ಖನಿಜಕ್ಕೆ ಗೋಥೈಟ್ ಎಂದು ಹೆಸರು. 1806ರಲ್ಲಿ ಜರ್ಮನ್ ಕವಿ ಗಯಟೆಯ ಗೌರವಕ್ಕೆ ಇಟ್ಟದ್ದು. ಅವನಿಗೆ ಕಲ್ಲು ಕೂಡಿಸುವ ಹುಚ್ಚು, ಗಣಿಗಳ ಆಡಳಿತದ ಕೆಲಸವನ್ನೂ ಮಾಡಿದವನು. ನೀರು ಬಿಟ್ಟ ಮೇಲೆ ಆಗುವ ಕೆಂಪು ಖನಿಜ ಹೆಮಟೈಟ್, ಗ್ರೀಕಿನಲ್ಲಿ ರಕ್ತ ಎಂಬ ಪದದಿಂದ. ಅಜ್ಜನ ಮನೆಯ ಗಿಲಾಯಿ ಮಾಡದ ಪಡುಗೋಡೆಯಲ್ಲಿ ಇವೆರಡೂ ಅಕ್ಕಪಕ್ಕ ಕೂತಿವೆ. ಹಳದಿ ಚುಕ್ಕೆ ಕವಿಯದು, ಕೆಂಪು ಚುಕ್ಕೆ ರಕ್ತದ್ದು.

ಕಲ್ಲಿನ ತೂತುಗಳಲ್ಲಿ, ಕೋರೆಯ ತಳದಲ್ಲಿ ಕಾಣುವ ಬಿಳಿ ಮಣ್ಣು ಶೇಡಿ. ದೀಪಾವಳಿಗೆ ಗೋಡೆ ಹೊಸ್ತಿಲಿನ ಮೇಲೆ ಚಿತ್ತಾರ ಬರೆಯುವ ಅದೇ ಶೇಡಿ. ಅದರ ಶಾಸ್ತ್ರದ ಹೆಸರು ಕಯೋಲಿನ್. ಚೀನಾದ ಪಿಂಗಾಣಿಯೂರು ಜಿಂಗ್‌ದೆಜೆನ್ ಬಳಿಯ ಗಾವೊಲಿಂಗ್ ಎಂಬ ಊರಿನದು. ‘ಎತ್ತರದ ಗುಡ್ಡ’ ಎಂದು ಅರ್ಥ. ಇದೇ ಕೆಂಪು ನೆಲದಲ್ಲಿ ಅಲ್ಯುಮಿನಿಯಂ ಹೆಚ್ಚಾಗಿ ಸೇರಿಕೊಂಡರೆ ಅದು ಬಾಕ್ಸೈಟ್. ಫ್ರಾನ್ಸಿನ ಲೆ ಬೋ ಎಂಬ ಹಳ್ಳಿಯಲ್ಲಿ 1821ರಲ್ಲಿ ಬೆರ್ತಿಯೇ ಗುರುತಿಸಿದ್ದರಿಂದ ಆ ಹೆಸರು. ನಮ್ಮಲ್ಲಿ ಅದು ಬೈಂದೂರಿನ ಪಡುವರಿಯಲ್ಲಿ ಉಂಟು. ಒಂದೇ ಮಳೆ ತೊಳೆದ ಒಂದೇ ಕರಾವಳಿಯ ಮಣ್ಣು: ಒಂದು ಭಾಗ ರೋಮಿನ ಇಟ್ಟಿಗೆಯ ಹೆಸರು ಹೊತ್ತಿದೆ, ಒಂದು ಫ್ರೆಂಚ್ ಹಳ್ಳಿಯದು, ಇನ್ನೊಂದು ಚೀನದ ಗುಡ್ಡದ್ದು.

3. ಕರಿಕಲ್ಲು ಊರಾಯಿತು, ಕರಿಪೊನ್ನು ಕತ್ತಿಯಾಯಿತು.

ಮೊದಲ ಅರ್ಧ ಕಾರ್ಕಳ. ತುಳುವಿನಲ್ಲಿ ಕಾರ್ಲ. ಕರಿಕಲ್ಲಿನ ಊರು, ಕರಿಕಲ್ಲು ಸವೆದು ಕಾರ್ಕಳ ಎನ್ನುವುದು ಒಂದು ವಾದ. ‘ಕರಿ’ ಎಂದರೆ ಆನೆ, ‘ಕೊಳ’ ಎಂದರೆ ಕೆರೆ, ಊರ ನಡುವಿನ ಆನೆಕೆರೆಯೇ ಸಾಕ್ಷಿ ಎನ್ನುವುದು ಇನ್ನೊಂದು. ಮಾವ ಕಲ್ಲಿನ ಪಕ್ಷ. ನಾನೂ ಅದೇ ಪಕ್ಷಕ್ಕೆ ವಾಲುತ್ತೇನೆ, ಯಾಕೆಂದರೆ ಕಾರ್ಕಳಕ್ಕೆ ಯಾವ ದಿಕ್ಕಿನಿಂದ ಬಂದರೂ ಮೊದಲು ಎದುರಾಗುವುದು ಪಾದೆ, ಬೋಳು ಬಂಡೆ. ಕೆಂಪು ಮೇಲ್ಪದರವನ್ನು ಸೀಳಿಕೊಂಡು ಎದ್ದ ಹಳೆಯ ಶಿಲೆ ಅದು.

ಆ ಬಂಡೆಯ ನೆತ್ತಿಯ ಮೇಲೆ 1432ರ ಫೆಬ್ರವರಿ 13ರಂದು ಭೈರರಸ ವಂಶದ ವೀರಪಾಂಡ್ಯ ಗೊಮ್ಮಟನನ್ನು ನಿಲ್ಲಿಸಿದ. ಸುಮಾರು 42 ಅಡಿಯ ಒಂದೇ ಕಲ್ಲು. ಎದುರಿನ ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ, ಅಡಿಯಿಂದ ಮಾಡಿನ ಚಪ್ಪಡಿಯವರೆಗೆ ಕಲ್ಲೇ. ಈ ಕೈಚಳಕ ಭೈರರಸರ ಜತೆ ಮುಗಿಯಲಿಲ್ಲ. ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಮಂಗಳಪಾದೆಯ ಬಂಡೆಯಲ್ಲಿ 39 ಅಡಿಯ ಬಾಹುಬಲಿಯನ್ನು ಕಡೆದರು. ಅದು 1973ರಲ್ಲಿ ರಸ್ತೆಯ ಮೇಲೆ ಧರ್ಮಸ್ಥಳಕ್ಕೆ ಸಾಗಿ, 1982ರಲ್ಲಿ ಪ್ರತಿಷ್ಠೆಗೊಂಡಿತು. ಅಷ್ಟು ದೊಡ್ಡ ಮೂರ್ತಿ ಊರಿಂದ ಊರಿಗೆ ಹೋಗುವುದನ್ನು ನೋಡಲು ಶಾಲೆಗೆ ರಜೆ ಬೇಕೆಂದು ಮಕ್ಕಳು ಹಟ ಹಿಡಿದರಂತೆ, ಮಾವ ತಾನೇ ಮುಂದೆ ನಿಂತು ಕರೆದುಕೊಂಡು ಹೋದರಂತೆ. ವಿಗ್ರಹಕ್ಕೆ ಬೇಕಾದ ನಯವಾದ ಕಪ್ಪು ಶಿಲೆಗೆ ನೆಲ್ಲಿಕಾರು ಹೆಸರುವಾಸಿ; ದೇವಸ್ಥಾನದ ಶಿಲ್ಪಿಗಳು ಕಲ್ಲನ್ನು ಊರಿನ ಹೆಸರಿಂದಲೇ ಕೇಳುತ್ತಾರೆ.

ಚಾಣದಿಂದ ಸಾಲಾಗಿ ಗುಳಿ ತೋಡಿ, ಗುಳಿಗೊಂದು ಬೆಣೆ ಇಟ್ಟು, ಸುತ್ತಿಗೆಯ ಪೆಟ್ಟನ್ನು ಒಂದೇ ತೂಕದಲ್ಲಿ ಹಾಕುತ್ತ ಹೋದರೆ ಬಂಡೆ ಗೆರೆ ಹೊಡೆದಂತೆ ಸೀಳುತ್ತದೆ. ಕಲ್ಲು ಬಿರಿಯುವ ಮುಂಚೆ ಸದ್ದು ಬದಲಾಗುತ್ತದೆ. ಆ ಸದ್ದನ್ನು ಕಿವಿಯಲ್ಲಿ ಹಿಡಿಯಲು ಬಾರದವನು ಎಷ್ಟು ಬಲಶಾಲಿಯಾದರೂ ಕೋರೆಯಲ್ಲಿ ಹುಡುಗನೇ. ಈಗ ಬೆಣೆಯ ಬದಲು ಡ್ರಿಲ್, ಮದ್ದು, ಕ್ರಷರ್. ಹೆದ್ದಾರಿಗೆ ಬೇಕಾದದ್ದು ಜಲ್ಲಿ.

ಎರಡನೆಯ ಅರ್ಧ ಭಾಷೆಯ ಗಣಿ. ‘ಕರಿಪೊನ್ನು’ ಎಂದರೆ ಕಬ್ಬಿಣ. ಪೊನ್ ಎಂಬುದು ಲೋಹಕ್ಕೆಲ್ಲ ಸಲ್ಲುವ ಹೆಸರಾಗಿದ್ದ ಕಾಲದಲ್ಲಿ ಕಪ್ಪಾದ ಲೋಹ ಕರ್+ಪೊನ್. ಅದೇ ಹಳಗನ್ನಡದ ಕರ್ಬುನ, ಆಮೇಲೆ ಕಬ್ಬುನ, ಈಗ ಕಬ್ಬಿಣ. ತುಳುವರು ‘ಕರ್ಬ’ ಎನ್ನುತ್ತಾರೆ, ಆ ‘ಕರ್’ ಇನ್ನೂ ಮಾಸದೆ ಕೇಳುತ್ತದೆ. ಕೆಂಪು ಲೋಹ ಚೆಂಬು. ನಮ್ಮ ನೀರಿನ ಚೆಂಬು ಮೊದಲು ತಾಮ್ರದ ಹೆಸರೇ. ಹೊನ್ನು ಮಾತ್ರ ಬಣ್ಣದ ವಿಶೇಷಣವಿಲ್ಲದೆ ಲೋಹಗಳ ಯಜಮಾನನಾಗಿ ಉಳಿದುಕೊಂಡಿತು. ಊರೂ ಲೋಹವೂ ಒಂದೇ ‘ಕರಿ’ಯಿಂದ ಹುಟ್ಟಿದವೆಂಬುದನ್ನು ಎಂಟು ವರ್ಷದ ಮಕ್ಕಳ ನಾಲಗೆಗೆ ಏರಿಸಿಬಿಟ್ಟಿದ್ದರು ಮಾವ.

4. ಕಾಗೆಯ ಬಂಗಾರವನ್ನು ಅಕ್ಕಸಾಲಿ ಕೊಳ್ಳುವುದಿಲ್ಲ.

ಕಾಗೆಬಂಗಾರ ಎಂದರೆ ಮೈಕಾ. ಸಂಸ್ಕೃತದವರು ಮೋಡದ ಹೊಳಪು ಕಂಡು ಅಭ್ರಕ ಎಂದರು. ಕನ್ನಡದವರು ಹೊಳೆಯುವುದನ್ನೆಲ್ಲ ಕಚ್ಚಿಕೊಂಡು ಹೋಗುವ ಕಾಗೆಯನ್ನು ನೆನೆದರು. ಗೊಮ್ಮಟಬೆಟ್ಟದ ಮೆಟ್ಟಿಲಿನಲ್ಲಿ ಬಿಸಿಲಿಗೆ ಮಿಣುಕುವ ಕಪ್ಪು ಚುಕ್ಕೆಗಳೂ ಅದೇ ಜಾತಿಯವು. ಅಕ್ಕಸಾಲಿ ಕೊಳ್ಳದಿದ್ದರೂ ಹಳೆಯ ಕರೆಂಟಿನ ಇಸ್ತ್ರಿಪೆಟ್ಟಿಗೆಯೊಳಗೆ ಬಿಸಿತಂತಿಯನ್ನು ಹಿಡಿದು ನಿಂತದ್ದು ಕಾಗೆಬಂಗಾರವೇ. ಮಾವ ಕೆಟ್ಟ ಇಸ್ತ್ರಿಪೆಟ್ಟಿಗೆ ಬಿಚ್ಚಿ ತೋರಿಸಿದ್ದರು. ಪೆಟ್ಟಿಗೆಯಲ್ಲಿ ಆ ಹಾಳೆ ಇನ್ನೂ ಉಂಟು, ಉಗುರಿನಿಂದ ಎಬ್ಬಿಸಿದರೆ ಪದರ ಏಳುತ್ತದೆ.

5. ಕುದುರೆಯ ಮೋರೆಯಿಂದ ಕಬ್ಬಿಣದ ಹೊಳೆ ಇಳಿಯುತ್ತದೆ.

‘ಇಳಿಯುತ್ತದೆ’. ಈ ವರ್ತಮಾನಕಾಲದ ಕ್ರಿಯಾಪದದ ಮುಂದೆ ನಾನು ಬಹಳ ಹೊತ್ತು ಕೂತಿದ್ದೇನೆ. ಸಾಲು ಬರೆದದ್ದು 1980ರ ದಶಕದಲ್ಲಿ.

ಕುದುರೆಯ ಮೋರೆ ಎಂದರೆ ಕುದುರೆಮುಖ. 1,894 ಮೀಟರಿನ ಶಿಖರ, ದೂರದಿಂದ ನೋಡಿದರೆ ಕುದುರೆಯ ಮುಖದ ಅಂಚು. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಟ್ಟ ಹತ್ತಿದರೆ ಆ ಸೀಮೆ. ಅಲ್ಲಿ ಕಬ್ಬಿಣದ ಅದಿರು ಇದೆಯೆಂದು 1913ರಲ್ಲಿ ಗುರುತಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಅದು ಮ್ಯಾಗ್ನಟೈಟ್, ಅಯಸ್ಕಾಂತದ ಗುಣದ ಅದಿರು. ಗ್ರೀಸಿನ ಮ್ಯಾಗ್ನೀಶಿಯ ಸೀಮೆಯಿಂದ ಆ ಹೆಸರು ಬಂತೆನ್ನುತ್ತಾರೆ. ಪ್ಲಿನಿ ಹೇಳುವ ಕಥೆಯಲ್ಲಿ ಮ್ಯಾಗ್ನಿಸ್ ಎಂಬ ಕುರುಬನ ಚಪ್ಪಲಿಯ ಮೊಳೆ ನೆಲಕ್ಕೆ ಕಚ್ಚಿಕೊಂಡಿತ್ತು. ನಮ್ಮಲ್ಲಿ ಇದಕ್ಕೆ ಎರಡು ಹೆಸರು. ಹಳ್ಳಿಯದು ಸೂಜಿಗಲ್ಲು, ಸೂಜಿಯನ್ನು ಎಳೆಯುವ ಕಲ್ಲು. ಸಂಸ್ಕೃತದ್ದು ಅಯಸ್ಕಾಂತ: ‘ಅಯಸ್’ ಎಂದರೆ ಕಬ್ಬಿಣ, ‘ಕಾಂತ’ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯನಾದವನು! ಎಳೆಯುವ ಬಲವನ್ನು ಪ್ರೀತಿ ಎಂದು ಕರೆದ ಆ ಹೆಸರನ್ನು ಗ್ರೀಕಿನ ಕುರುಬನ ಕಥೆಗಿಂತ ಮೇಲೆ ಇಡುತ್ತೇನೆ ನಾನು.

1913ರಿಂದ ಅರವತ್ತು ವರ್ಷ ಅದಿರು ಹಾಗೆಯೇ ಇತ್ತು. ಅದರಲ್ಲಿ ಕಬ್ಬಿಣದ ಪಾಲು ಕಡಿಮೆ, ಬೆಣಚಿನ ಪಾಲು ಹೆಚ್ಚು. ಅರೆದು, ಕಾಂತದಿಂದ ಬೇರ್ಪಡಿಸದೆ ಬಳಸಲು ಬಾರದು. 1970ರ ದಶಕದ ಮಧ್ಯದಲ್ಲಿ ಇರಾನಿನ ದೊರೆ ಹಣ ಹಾಕಲು ಒಪ್ಪಿದ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯಲ್ಲಿ ದೊರೆಯ ಪಟ್ಟ ಹೋಯಿತು, ಇರಾನ್ ಕೈಬಿಟ್ಟಿತು. ಕಟ್ಟಿದ ಗಣಿ ನಿಲ್ಲಲಿಲ್ಲ. ಗುಡ್ಡದ ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರು ಬೆರೆಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ, ಪಣಂಬೂರಿನ ಬಂದರಿಗೆ ಹರಿಸಿದರು. ಲಾರಿಯಿಲ್ಲ, ರೈಲಿಲ್ಲ. ಮಾವನ ‘ಕಬ್ಬಿಣದ ಹೊಳೆ’ ಈ ಕೊಳವೆ. ತಮ್ಮ ಸೀಮೆಯ ನೆಲದಡಿಯಲ್ಲಿ ಕಬ್ಬಿಣ ಹರಿದು ಕಡಲಿಗೆ ಹೋಗುತ್ತಿದೆ ಎಂಬುದು ಆ ತಲೆಮಾರಿನ ಮಾಸ್ಟರರಿಗೆ ಹೆಮ್ಮೆಯ ವಿಷಯ. ಆ ಹೆಮ್ಮೆ ನನಗೆ ಅರ್ಥವಾಗುತ್ತದೆ.

ಆದರೆ ಅದೇ ಗುಡ್ಡಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. 1987ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಗಣಿ ಅದರ ಹೊಟ್ಟೆಯಲ್ಲಿ ಉಳಿಯಿತು. ಮಳೆಗಾಲದಲ್ಲಿ ಭದ್ರೆಗೆ ಇಳಿದ ಹೂಳಿನ ಬಗ್ಗೆ ವರ್ಷಗಟ್ಟಲೆ ಹೋರಾಟ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಸಾವಿರಾರು ಜನರ ಊಟ ಅಲ್ಲಿತ್ತು. ಅವರಿಗೆ ಆದ ನೋವನ್ನು ಸಣ್ಣದೆನ್ನುವ ಹಕ್ಕು ನನಗಿಲ್ಲ. ಆದರೂ ನಿಲ್ಲಿಸಿದ್ದು ಸರಿ ಎಂದೇ ನನ್ನ ನಂಬಿಕೆ: ಮೂರು ಹೊಳೆ ಹುಟ್ಟುವ ಕಡೆ ನಾಲ್ಕನೆಯದನ್ನು ಅರೆದು ಮಾಡಬಾರದಿತ್ತು. ಮಾವ ಗಣಿ ನಿಂತ ಮೇಲೂ ಕೆಲವು ವರ್ಷ ಬದುಕಿದ್ದರು. ‘ಇಳಿಯುತ್ತದೆ’ಯನ್ನು ‘ಇಳಿಯಿತು’ ಎಂದು ತಿದ್ದಲಿಲ್ಲ. ಮರೆತರೋ, ಬೇಡವೆಂದು ಬಿಟ್ಟರೋ, ಕೇಳಿಕೊಳ್ಳಲಿಲ್ಲ ನಾನು.

6. ಕಡಲ ನಡುವೆ ಕಂಬ ನೆಟ್ಟವರಿಲ್ಲ, ಕಂಬ ಮಾತ್ರ ಉಂಟು.

ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆನ್ನುತ್ತಾರೆ. ನಮ್ಮವರಿಗೆ ಅದು ತೋನ್ಸೆಪಾರ್. ತೋನ್ಸೆ ಎದುರಿನ ಊರು, ಪಾರ್ ಎಂದರೆ ಬಂಡೆ. ಇಲ್ಲಿ ಕಲ್ಲು ಆರು ಮುಖದ ಕಂಬಗಳಾಗಿ, ಕಟ್ಟು ಕಟ್ಟಿ ನಿಲ್ಲಿಸಿದಂತೆ ನಿಂತಿದೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾ ಇದು. ತಣಿಯುತ್ತ ಕುಗ್ಗಿದಾಗ ಬಿರುಕುಗಳು ಸಮಾನವಾಗಿ ಹರಡಿ ಹೀಗೆ ಸೀಳಿಕೊಂಡಿತು. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದವರಿಗೆ ಈ ಲೆಕ್ಕ ಸುಲಭ.

ಕಲ್ಲಿನ ಜಾತಿ ರಯೊಲೈಟ್, ಡೇಸೈಟ್. ಮೊದಲನೆಯ ಹೆಸರನ್ನು 1860ರಲ್ಲಿ ರಿಕ್ಟ್‌ಹೋಫೆನ್ ಎಂಬ ಜರ್ಮನ್ ಇಟ್ಟದ್ದು, ಗ್ರೀಕಿನಲ್ಲಿ ‘ಹರಿವು’ ಎಂಬ ಮಾತಿನಿಂದ. ಎರಡನೆಯದು ರೋಮನರ ಡೇಸಿಯ ಪ್ರಾಂತದ್ದು. ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಇದನ್ನು ಯಾರೂ ಕಡಿಯುವಂತಿಲ್ಲ. ಮಾವನ ಪೆಟ್ಟಿಗೆಯಲ್ಲಿ ಈ ಸಾಲಿಗೆ ಕಲ್ಲಿಲ್ಲ. ಅಲ್ಲಿಂದ ತರಬಾರದೆಂದು ಒಂದು ಚಿತ್ರ ಬರೆದು ಇಟ್ಟಿದ್ದಾರೆ.

7. ಕಾಪುವಿನ ಕರಿಹೊಯ್ಗೆ ಉರಾಲ್ ಬೆಟ್ಟದ ಹೆಸರು ಹೊತ್ತಿದೆ.

ಹೊಯ್ಗೆ ಎಂದರೆ ಮರಳು. 1901ರ ದೀಪಸ್ತಂಭ ನಿಂತಿರುವ ಕಾಪುವಿನ ಬಂಡೆಯ ಆಚೀಚೆ, ಮಳೆಗಾಲ ಮುಗಿದ ಹೊಸತರಲ್ಲಿ, ಬಿಳಿ ಹೊಯ್ಗೆಯ ಮೇಲೆ ಕಪ್ಪು ಗೆರೆಗಳು ಕಾಣುತ್ತವೆ. ತೆರೆ ಹಿಂದೆ ಸರಿಯುವಾಗ ಹಗುರವಾದ ಬೆಣಚಿನ ಕಣ ಹೋಗುತ್ತದೆ, ಭಾರವಾದದ್ದು ಉಳಿಯುತ್ತದೆ. ಮಾವ ದಾರಕ್ಕೆ ಅಯಸ್ಕಾಂತ ಕಟ್ಟಿ ಎಳೆಸುತ್ತಿದ್ದರು. ಗಡ್ಡದಂತೆ ಅಂಟಿಕೊಂಡು ಬಂದದ್ದು ಮ್ಯಾಗ್ನಟೈಟ್. ಅಂಟಲೋ ಬೇಡವೋ ಎಂದು ಉದುರಿದ ಕಪ್ಪು ಕಣ ಇಲ್ಮನೈಟ್, ಉರಾಲಿನ ಇಲ್ಮೆನ್ ಬೆಟ್ಟದ ಹೆಸರಿನದು. ಈ ಕರಿಯ ಹೊಯ್ಗೆಯಿಂದಲೇ ಗೋಡೆಗೆ ಬಳಿಯುವ ಅಚ್ಚ ಬಿಳಿಯ ಬಣ್ಣ ತೆಗೆಯುತ್ತಾರೆ, ಕೇರಳದ ಚವರದಲ್ಲಿ ಅದೇ ದೊಡ್ಡ ಕೈಗಾರಿಕೆ. ಕಾಪುವಿನಲ್ಲಿ ಇರುವುದು ಒಂದು ಗೆರೆಯಷ್ಟು, ಮಕ್ಕಳ ಪಾಠಕ್ಕೆ ಸಾಲುವಷ್ಟು.

ಜಗಳ, ಲಾರಿ, ಕೋರ್ಟು ಎಲ್ಲ ಇರುವುದು ಸಾಮಾನ್ಯ ಹೊಯ್ಗೆಗೆ. ಸೀತಾನದಿಯಲ್ಲಿ, ಕಾರ್ಕಳದ ಕಡೆಯಿಂದ ಹರಿದು ಬರುವ ಸ್ವರ್ಣೆಯಲ್ಲಿ ದೋಣಿಯಿಂದ ಮುಳುಗಿ ಹೊಯ್ಗೆ ಎತ್ತುವವರ ಕುಟುಂಬಗಳು ತಲೆಮಾರಿನಿಂದ ಇವೆ. ನದಿಯ ಹೆಸರು ಚಿನ್ನದ್ದು. ಅದರಿಂದ ಊರು ಕಟ್ಟಿಕೊಂಡದ್ದು ಹೊಯ್ಗೆಯಿಂದ.

8. ಮಣ್ಣು ಪಳ್ಳವಾಯಿತು, ಪಳ್ಳ ಪೇಟೆಯಾಯಿತು.

ಪಳ್ಳ ಎಂದರೆ ತುಳುವಿನಲ್ಲಿ ಕೆರೆ. ಮಣ್ಣಪಳ್ಳ ಇಂಗ್ಲಿಷ್ ಬಾಯಲ್ಲಿ ಮಣಿಪಾಲವಾಯಿತು. ಗಿಡಮರ ಕಡಿಮೆಯಿದ್ದ ಮುರಕಲ್ಲಿನ ಬೋಳುಗುಡ್ಡದ ಮೇಲೆ ಟಿ. ಎಂ. ಎ. ಪೈಗಳು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದರಿಂದ ಪೇಟೆ. ಮುರಕಲ್ಲಿನ ಪದವಿನಲ್ಲಿ ನೀರು ತೂತುಗಳಿಗೆ ಇಳಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಬರುತ್ತದೆ. ಮೇಲೆ ಕೆರೆ ನಿಲ್ಲುವುದು ತಳದಲ್ಲಿ ಜೇಡಿ ಇದ್ದರೆ ಮಾತ್ರ. ಆದ್ದರಿಂದಲೇ ನೀರು ನಿಂತ ಮಣ್ಣಿನ ಜಾಗ ಹೆಸರು ಪಡೆಯುವಷ್ಟು ದೊಡ್ಡದಾಯಿತು. ಇಂದು ಅಲ್ಲಿಗೆ ದೇಶದೇಶದಿಂದ ಓದಲು ಬರುವ ಮಕ್ಕಳಿಗೆ ತಮ್ಮ ವಿಳಾಸದಲ್ಲಿ ‘ಮಣ್ಣು’ ಇದೆಯೆಂದು ಯಾರಾದರೂ ಹೇಳಿದರೆ ಚೆನ್ನ.

9. ತೆಗೆದ ಕಲ್ಲಿನ ಲೆಕ್ಕ ಪುಸ್ತಕದಲ್ಲಿ. ಉಳಿದ ಹೊಂಡದ ಲೆಕ್ಕ ಮಳೆಗಾಲದಲ್ಲಿ.

ಪುಸ್ತಕ ಎಂದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪುಸ್ತಕ, ರಾಜಧನದ ಲೆಕ್ಕ. 1957ರ ಕೇಂದ್ರ ಕಾಯಿದೆ ಕಟ್ಟಡದ ಕಲ್ಲು, ಜಲ್ಲಿ, ಸಾಮಾನ್ಯ ಜೇಡಿ, ಸಾಮಾನ್ಯ ಮರಳುಗಳನ್ನು ಉಪಖನಿಜವೆಂದು ಬೇರೆ ಇಟ್ಟು ಅವುಗಳ ಉಸ್ತುವಾರಿಯನ್ನು ರಾಜ್ಯಗಳಿಗೆ ಬಿಟ್ಟಿದೆ. 2015ರ ಫೆಬ್ರವರಿ 10ರಂದು ಇನ್ನೂ 31 ಖನಿಜಗಳು ಆ ಪಟ್ಟಿಗೆ ಸೇರಿದವು. ಅವುಗಳಲ್ಲಿ ಲ್ಯಾಟರೈಟ್, ಕಯೋಲಿನ್ ಇವೆ; ಮೈಕಾ, ಬೆಣಚು 2025ರವರೆಗೆ ಇದ್ದವು. ಮಾವನ ಪೆಟ್ಟಿಗೆ ಬಹುಮಟ್ಟಿಗೆ ಉಪಖನಿಜಗಳ ಪೆಟ್ಟಿಗೆ. ‘ಉಪ’ ಎಂಬ ಮಾತಿಗೆ ಕಾನೂನಿನಲ್ಲಿ ಅದರದೇ ಕಾರಣವಿದೆ, ನಾನು ತಕರಾರು ಎತ್ತುವುದಿಲ್ಲ. ಆದರೆ ಕರಾವಳಿಯಲ್ಲಿ ಮನುಷ್ಯ ತಲೆ ಇಟ್ಟು ಮಲಗಿದ್ದೆಲ್ಲ ಈ ‘ಉಪ’ದ ಆಸರೆಯಲ್ಲಿ.

ಈ ಸಾಲಿನ ಮುಖ್ಯ ಪದ ‘ಉಳಿದ’. ಹಿಂದೆ ಪಿಕ್ಕಾಸು, ಕೊಡಲಿಯಿಂದ ಕಡಿಯುತ್ತಿದ್ದಾಗ ಹೊಂಡ ಮನೆಯ ಅಳತೆಯದ್ದು. ಈಗ ತಿರುಗುವ ಗರಗಸದ ಯಂತ್ರ ಒಂದೇ ಬೇಸಗೆಯಲ್ಲಿ ಹತ್ತು ಮನೆಯ ಆಳಕ್ಕೆ ಇಳಿಯುತ್ತದೆ. ಬದಿಗಳು ಗೋಡೆಯಂತೆ ನೆಟ್ಟಗೆ, ಬಿದ್ದವರಿಗೆ ಹತ್ತಿ ಬರಲು ಮೆಟ್ಟಿಲಿಲ್ಲ. ಜೂನಿನಲ್ಲಿ ತುಂಬುತ್ತದೆ. ಕೆಂಪು ನೀರಿನ ಆಳ ಕಣ್ಣಿಗೆ ಗೊತ್ತಾಗದು. ಶಾಲೆ ಬಿಟ್ಟ ಮಕ್ಕಳು ಈಜಲು ಹೋಗಿ ಮುಳುಗಿದ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲವು ಕಡೆ ಹೊಂಡಕ್ಕೆ ತಡೆ ಕಟ್ಟಿ ತೋಟಕ್ಕೆ ನೀರು ಬಿಡುತ್ತಾರೆ, ಸುತ್ತಲಿನ ಬಾವಿಗಳ ಒರತೆಯೂ ಏರುತ್ತದೆ. ಹೊಂಡವೇ ಕೆಟ್ಟದ್ದಲ್ಲ. ಯಾರ ಲೆಕ್ಕಕ್ಕೂ ಸೇರದೆ ಬಾಯಿ ತೆರೆದು ಬಿದ್ದದ್ದು ಕೆಟ್ಟದ್ದು. ಮಾವ ತಮ್ಮ ಮಕ್ಕಳಿಗೆ ಹೇಳಲು ಬಯಸಿದ್ದು ಇದನ್ನೇ ಇರಬೇಕು. ಈ ಒಂದು ಸಾಲಿನ ಕೆಳಗೆ ಮಾತ್ರ ಅವರು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ.

ಅಜ್ಜನ ಮನೆಯ ಹಿತ್ತಲಿನ ಹೊಂಡ ಆಳವಿಲ್ಲ. ಆದರೂ ಆಳೆತ್ತರ ನೀರು ನಿಲ್ಲುತ್ತದೆ. ಬದಿಯಲ್ಲಿ ಪಿಕ್ಕಾಸಿನ ಗುರುತು ಇನ್ನೂ ಸಾಲಾಗಿ ಉಂಟು. ಆ ಗುರುತುಗಳ ನಡುವಿನ ಅಂತರವೂ ಮನೆಯ ಗೋಡೆಯ ಕಲ್ಲಿನ ಅಗಲವೂ ಒಂದೇ, ಗೇಣು ಹಾಕಿ ನೋಡಿದ್ದೇನೆ. ಪಕ್ಕದ ಮನೆಯಲ್ಲಿ ಈಗ ಸಣ್ಣ ಮಕ್ಕಳಿದ್ದಾರೆ. ಹೋದ ಏಪ್ರಿಲಿನಲ್ಲಿ ನಾನೂ ಮಾವನ ಮಗನೂ ಸೇರಿ ಅಡಕೆಯ ಕಂಬ ನೆಟ್ಟು ಬೇಲಿ ಹಾಕಿದೆವು. ಮೂರು ಬದಿ ಮುಗಿದಿದೆ. ಮೂಡುಬದಿಯದು ಮಳೆ ಹಿಡಿಯುವ ಮೊದಲು ಆಗಬೇಕು.